ಯೋಗ ಶುರು ಮಾಡಿದ ಹೊಸದರಲ್ಲಿ ನಿಮಗೆ ಏನು ಗೊತ್ತಾಯ್ತು?

ವಿನೋಬನಗರದವನು:

ಎಲ್ಲರಿಗೂ ನಮಸ್ಕಾರ. ಇರುವುದು ಶಿವಮೊಗ್ಗದಲ್ಲಿ, ವಯಸ್ಸು ನಲವತ್ತರ ಹತ್ತಿರ, ದಿನವಿಡೀ ಕುರ್ಚಿ ಮೇಲಿನ ಕೆಲಸ. ಸೊಂಟ ಹಿಡಿದುಕೊಳ್ಳುವುದು ಜಾಸ್ತಿ ಆಯಿತು ಅಂತ ಈ ಮಳೆಗಾಲ ಶುರುವಾಗುವ ಹೊತ್ತಿಗೆ ಮನೆ ಹತ್ತಿರದ ಸಮುದಾಯ ಭವನದಲ್ಲಿ ಬೆಳಿಗ್ಗೆ ನಡೆಯುವ ಯೋಗ ತರಗತಿಗೆ ಸೇರಿದೆ. ಮೇಷ್ಟ್ರು ತುಂಬಾ ತಾಳ್ಮೆಯಿಂದ ಹೇಳಿಕೊಡುತ್ತಾರೆ. ದುಡ್ಡು ಕೂಡ ತೆಗೆದುಕೊಳ್ಳುವುದಿಲ್ಲ.

ವಿಷಯಕ್ಕೆ ಬರುತ್ತೇನೆ. ಮನೆಯವರು, ಆಫೀಸಿನವರು ಎಲ್ಲರೂ ಕೇಳುವುದು ಒಂದೇ, "ಏನಾದ್ರೂ ಗುಣ ಕಾಣ್ತಾ?" ತೂಕ ಇಳಿದಿಲ್ಲ. ಪಾದಹಸ್ತಾಸನದಲ್ಲಿ ಬೆರಳು ಮೊಣಕಾಲು ದಾಟಿ ಸ್ವಲ್ಪ ಕೆಳಗೆ ಹೋಗುತ್ತದೆ, ಅಲ್ಲಿಗೇ ನಿಲ್ಲುತ್ತದೆ. ತೋರಿಸುವುದಕ್ಕೆ ಏನೂ ಇಲ್ಲ. ಆದರೆ ಇಷ್ಟು ವರ್ಷ ನನ್ನ ಮೈಯಲ್ಲೇ ಇದ್ದು ನನಗೇ ಗೊತ್ತಿರದ ಕೆಲವು ಸಂಗತಿಗಳು ಈಗ ಕಾಣಿಸುತ್ತಿವೆ. ವೃಕ್ಷಾಸನದಲ್ಲಿ ಎಡಗಾಲ ಮೇಲೆ ಆರಾಮಾಗಿ ನಿಲ್ಲುತ್ತೇನೆ, ಬಲಗಾಲ ಮೇಲೆ ನಿಂತರೆ ವಾಲಾಡುತ್ತೇನೆ. ಬಗ್ಗುವಾಗ ಉಸಿರು ಕಟ್ಟಿಕೊಂಡಿರುತ್ತೇನೆ, ಮೇಷ್ಟ್ರು "ಉಸಿರಾಡಿ, ಉಸಿರಾಡಿ" ಅಂದಾಗಲೇ ಅದು ಗೊತ್ತಾಗುವುದು. ಶವಾಸನದಲ್ಲಿ ಮಲಗಿದ ಮೇಲೂ ಹಲ್ಲು ಕಚ್ಚಿಕೊಂಡಿರುತ್ತೇನೆ. ವಿಶ್ರಾಂತಿ ತೆಗೆದುಕೊಳ್ಳುವಾಗ ಹಲ್ಲು ಯಾಕೆ ಕಚ್ಚಬೇಕು?

ಇದೆಲ್ಲ ಎಲ್ಲರಿಗೂ ಆಗುವಂಥದ್ದಾ? ನಿಮಗೆ ಮೊದಲು ಏನು ಗೊತ್ತಾಯ್ತು ಅಂತ ತಿಳಿಯುವ ಆಸೆ. ಜೊತೆಗೆ ಎರಡು ಅನುಮಾನ. ಕಾಲ್ಬೆರಳು ಮುಟ್ಟಲೇಬೇಕು ಅಂತ ಜೋರು ಮಾಡಿ ಬಗ್ಗಬಹುದಾ? ಕಪಾಲಭಾತಿ, ಅಂದರೆ ಹೊಟ್ಟೆ ಒಳಕ್ಕೆ ಎಳೆದು ಜೋರಾಗಿ ಮತ್ತೆ ಮತ್ತೆ ಉಸಿರು ಹೊರಹಾಕುವುದು, ಮಾಡುವಾಗ ತಲೆ ತಿರುಗಿದ ಹಾಗೆ ಆಗುತ್ತದೆ, ಯಾಕೆ?

ಸಾಗರದ ಯೋಗ ಟೀಚರ್:

ಸರ್, ತೋರಿಸುವುದಕ್ಕೆ ಏನೂ ಇಲ್ಲ ಅಂತ ಬರೆದು ಅದರ ಕೆಳಗೇ ಇಷ್ಟೊಂದು ಬರೆದಿದ್ದೀರಲ್ಲ. ಹೊಸಬರಿಗೆ ಮೊದಲು ಸಿಗುವುದು ಅದೇ. ಮೈ ಬಗ್ಗುವುದು ಆಮೇಲೆ. ಮೈ ಹೇಗಿದೆ ಅಂತ ಗೊತ್ತಾಗುವುದು ಮೊದಲು. ನನ್ನ ತರಗತಿಗೆ ಬರುವವರಲ್ಲಿ ಇದನ್ನು ಗಮನಿಸಿದವರು ಉಳಿದುಕೊಳ್ಳುತ್ತಾರೆ, ಬರೀ ತೂಕ ನೋಡಿಕೊಳ್ಳುವವರು ದೀಪಾವಳಿ ಹೊತ್ತಿಗೆ ಬಿಟ್ಟು ಹೋಗಿರುತ್ತಾರೆ.

ಉಸಿರಿನ ವಿಷಯ ಎಲ್ಲಕ್ಕಿಂತ ಮುಖ್ಯ. ಕಷ್ಟ ಅನಿಸಿದ ಕೂಡಲೇ ಉಸಿರು ಕಟ್ಟುವುದು ಎಲ್ಲರ ಅಭ್ಯಾಸ. ಭಾರ ಎತ್ತುವಾಗ, ಬೈಕ್ ಸ್ಟ್ಯಾಂಡ್ ಹಾಕುವಾಗ, ಯಾರಾದರೂ ಬೈಯುವಾಗ ಕೂಡ ಹೀಗೇ ಆಗುತ್ತದೆ, ನಾವು ನೋಡಿರುವುದಿಲ್ಲ ಅಷ್ಟೆ. ಆಸನದಲ್ಲಿ ಅದು ಸಿಕ್ಕಿಬೀಳುತ್ತದೆ. ನೀವು ಅದನ್ನೇ ಅಳತೆ ಮಾಡಿಕೊಳ್ಳಿ. ಉಸಿರು ಸಲೀಸಾಗಿ ಓಡಾಡುತ್ತಿದ್ದರೆ ನೀವು ಬಗ್ಗಿರುವುದು ಸರಿ. ನಿಂತುಹೋದರೆ ಅಥವಾ ಏದುಸಿರು ಬಂದರೆ ಎರಡು ಬೆರಳಿನಷ್ಟು ಹಿಂದೆ ಬನ್ನಿ. ಈ ಅಳತೆ ನಿಮ್ಮ ಪಕ್ಕದವರು ಎಷ್ಟು ಬಗ್ಗಿದ್ದಾರೆ ಅಂತ ನೋಡುವುದಕ್ಕಿಂತ ಸಾವಿರ ಪಾಲು ಮೇಲು.

ಇನ್ನೊಂದು ಮಾಡಿ ನೋಡಿ. ಸುಮ್ನೆ ಕೂತುಕೊಳ್ಳಿ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡಕ್ಕೆ ಮೂರು ಬೆರಳು ಇಟ್ಟು ನಾಡಿ ಹಿಡಿಯಿರಿ. ನಿಧಾನಕ್ಕೆ ಉಸಿರು ಎಳೆದುಕೊಂಡು, ಅದಕ್ಕಿಂತ ನಿಧಾನಕ್ಕೆ ಬಿಡಿ. ಎಳೆದುಕೊಳ್ಳುವಾಗ ನಾಡಿ ಸ್ವಲ್ಪ ಚುರುಕಾಗುತ್ತದೆ, ಬಿಡುವಾಗ ನಿಧಾನವಾಗುತ್ತದೆ. ಹೆಚ್ಚಿನವರಿಗೆ ಇದು ಬೆರಳಿಗೇ ತಿಳಿಯುತ್ತದೆ. ಉಸಿರು ಬಿಡುವ ಹೊತ್ತಲ್ಲಿ ಎದೆಬಡಿತವನ್ನು ತಗ್ಗಿಸುವ ನರ ಹೆಚ್ಚು ಕೆಲಸ ಮಾಡುತ್ತದೆ, ಅದಕ್ಕೇ ಹೀಗೆ. "ಉದ್ದಕ್ಕೆ ಬಿಡಿ" ಅಂತ ನಾವು ಹೇಳುತ್ತಲೇ ಇರುವುದು ಸುಮ್ಮನೆ ಅಲ್ಲ.

ಒಂದು ಕಾಲ ಮೇಲೆ ನಿಲ್ಲುವುದಕ್ಕೆ ನಮಗೆ ಮೂರು ಕಡೆಯಿಂದ ಸುದ್ದಿ ಬೇಕು. ಕಣ್ಣಿಂದ, ಒಳಕಿವಿಯಿಂದ, ಪಾದ ಮತ್ತು ಕೀಲುಗಳಿಂದ. ಗೋಡೆ ಹತ್ತಿರ ನಿಂತು ಕಣ್ಣು ಮುಚ್ಚಿ ನೋಡಿ, ಆರಾಮಾಗಿ ನಿಲ್ಲುವ ಕಾಲೂ ಅಲ್ಲಾಡುತ್ತದೆ. ನಿಮ್ಮ ಬಲಗಾಲು ಯಾವಾಗಲಾದರೂ ಉಳುಕಿತ್ತಾ? ಪಾದದ ಗಂಟು ಒಮ್ಮೆ ಚೆನ್ನಾಗಿ ಉಳುಕಿದರೆ ನೋವು ಹೋದ ಮೇಲೂ ಆ ಜಾಗದ ಅರಿವು ಮಂಕಾಗಿಯೇ ಉಳಿಯಬಹುದು. ಬರಿಗಾಲಲ್ಲಿ, ಗಟ್ಟಿ ನೆಲದ ಮೇಲೆ, ಎದುರಿಗೆ ಒಂದು ಗುರುತು ನೋಡುತ್ತಾ ನಿಲ್ಲುವ ಅಭ್ಯಾಸ ಮಾಡಿ. ಮೆತ್ತನೆಯ ದಪ್ಪ ಮ್ಯಾಟ್ ಇದಕ್ಕೆ ಬೇಡ, ಹಳೆ ಮನೆಗಳ ಕೆಂಪು ರೆಡ್ ಆಕ್ಸೈಡ್ ನೆಲ ಇದ್ದರೆ ಅದೇ ಒಳ್ಳೆಯದು.

ಹಲ್ಲು ಕಚ್ಚುವುದು ಶವಾಸನದಿಂದ ಬಂದದ್ದಲ್ಲ. ಹಗಲೆಲ್ಲ ಕಚ್ಚಿಕೊಂಡೇ ಇರುತ್ತೀರಿ, ಮಲಗಿದಾಗ ಬೇರೆ ಕೆಲಸ ಇಲ್ಲದ ಕಾರಣ ಅದು ಗಮನಕ್ಕೆ ಬಂತು. ತುಟಿ ಮುಚ್ಚಿರಲಿ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ಸ್ವಲ್ಪ ಜಾಗ ಇರಲಿ. ದವಡೆ ಸುಮ್ಮನಿರುವಾಗ ಇರಬೇಕಾದದ್ದು ಹಾಗೆ.

ಕಪಾಲಭಾತಿಯಲ್ಲಿ ತಲೆ ತಿರುಗುವುದು ಬೇಕಾಬಿಟ್ಟಿ ವೇಗದಿಂದ. ಜೋರಾಗಿ, ಬೇಗ ಬೇಗ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಾ ಕಡಿಮೆಯಾಗುತ್ತದೆ, ಆಗ ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ. "ಒಳಗಿನ ಕೊಳೆ ಹೋಗುತ್ತಿದೆ, ಅದಕ್ಕೇ ತಲೆ ತಿರುಗುತ್ತೆ" ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ತಿರುಗಿದ ಕೂಡಲೇ ನಿಲ್ಲಿಸಿ, ಮಾಮೂಲಿ ಉಸಿರಾಡಿ. ಹೊಸದರಲ್ಲಿ ಹತ್ತೋ ಹದಿನೈದೋ ಸಾಕು, ಅದೂ ನಿಧಾನಕ್ಕೆ. ಬಿಪಿ ಇರುವವರು, ಹೃದಯದ ತೊಂದರೆ ಇರುವವರು, ಹರ್ನಿಯಾ ಇರುವವರು, ಗರ್ಭಿಣಿಯರು ಇದನ್ನು ಮಾಡಲೇಬಾರದು.

ಭದ್ರಾವತಿ ಹುಡುಗ:

ನಾನು ಆ್ಯಪ್ ನೋಡಿಕೊಂಡು ಸೂರ್ಯ ನಮಸ್ಕಾರ ಮಾಡುವವನು. ನನ್ನ ಅಭಿಪ್ರಾಯ ಬೇರೆ. ಬೆವರು ಬರದಿದ್ದರೆ, ಮೈ ಬಗ್ಗದಿದ್ದರೆ ಅಷ್ಟು ಬೇಗ ಎದ್ದು ಹೋಗಿ ಏನು ಲಾಭ? ಉಸಿರು ಗಮನಿಸುವುದನ್ನು ಮನೆಯಲ್ಲೇ ಹಾಸಿಗೆ ಮೇಲೆ ಮಾಡಬಹುದಲ್ವಾ. ಸುತ್ತು ಜಾಸ್ತಿ ಮಾಡುತ್ತಾ ಹೋಗಿ ಅಣ್ಣ, ಆಗ ಬದಲಾವಣೆ ಕಾಣುತ್ತದೆ.

ಹೊಸನಗರದ ಅಡಿಕೆಮನೆ:

ತಮ್ಮಾ, ಬೆವರು ಬೇಕು ಅಂದರೆ ನಮ್ಮ ತೋಟಕ್ಕೆ ಬಾ, ಬೇಕಾದಷ್ಟು ಇದೆ. ನಾನು ಹುಟ್ಟಿದಾಗಿನಿಂದ ಬೆವರು ಸುರಿಸಿಯೇ ಬೆಳೆದವಳು. ಹಾಗಾಗಿ ಯೋಗಕ್ಕೆ ಹೋಗುತ್ತೇನೆ ಅಂದಾಗ ನಮ್ಮ ಅತ್ತೆ, "ತೋಟಕ್ಕೆ ಹೋಗಿ ಬಂದ್ರೆ ಸಾಲದಾ, ಅದೇ ಯೋಗ" ಅಂದರು. ಊರಲ್ಲಿ ಎಲ್ಲರೂ ಹೇಳುವ ಮಾತೇ ಅದು. ಆದರೆ ಅದು ನಿಜ ಅಲ್ಲ ಅಂತ ನನಗೆ ಸೇರಿದ ಮೇಲೆ ಗೊತ್ತಾಯ್ತು.

ಅಡಿಕೆ ಸುಲಿಯುವುದನ್ನು ನೋಡಿದವರಿಗೆ ಇದು ಅರ್ಥವಾಗುತ್ತದೆ. ಸುಗ್ಗಿಯಲ್ಲಿ ಈಗ ಮೆಷಿನ್ ಬಂದಿದೆ, ಆದರೂ ನಮ್ಮ ಮನೆಯಲ್ಲಿ ಒಂದಿಷ್ಟು ಕೈಯಲ್ಲೇ ಆಗಬೇಕು. ಮೆಟ್ಟುಗತ್ತಿ ಮುಂದೆ ಕೂತರೆ ಮುಗಿಯಿತು, ಬೆನ್ನು ಬಾಗಿ, ತಲೆ ತಗ್ಗಿ, ಎರಡೂ ಭುಜ ಕಿವಿ ಹತ್ತಿರಕ್ಕೆ ಬಂದು, ಅಡಿಕೆ ಎತ್ತಿ ಕತ್ತಿಗೆ ಒತ್ತಿ ತಿರುಗಿಸಿ ಸಿಪ್ಪೆ ಒಂದು ಕಡೆ ಕಾಯಿ ಒಂದು ಕಡೆ ಹಾಕುತ್ತಾ ಊಟದ ಹೊತ್ತು ದಾಟಿದರೂ ಗೊತ್ತಾಗುವುದಿಲ್ಲ, ಅಷ್ಟು ಮಾತು ಕಥೆ ನಡೆದಿರುತ್ತದೆ. ಎದ್ದಾಗ ಸೊಂಟ ನೇರ ಮಾಡುವುದಕ್ಕೆ ಕಂಬ ಹಿಡಿಯಬೇಕು. ಕಳೆ ಕೀಳುವಾಗಲೂ ಮುಂದಕ್ಕೆ ಬಗ್ಗುವುದೇ, ದರಗು (ಒಣಗಿದ ಎಲೆ) ಬಾಚುವಾಗಲೂ ಮುಂದಕ್ಕೆ ಬಗ್ಗುವುದೇ. ದಿನವೆಲ್ಲಾ ಕೆಲಸ ಮಾಡಿದರೂ ಹಿಂದಕ್ಕೆ ಬಾಗುವ ಕೆಲಸ ಒಂದೂ ಇಲ್ಲ.

ಮೊದಲ ಸಲ ಭುಜಂಗಾಸನ ಮಾಡಿದಾಗ ಎದೆ ಮುಂಭಾಗ, ಹೊಟ್ಟೆ ಎಲ್ಲ ಹೀಗೆ ಹಿಗ್ಗಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. ಹೊಟ್ಟೆವರೆಗೂ ಉಸಿರು ಇಳಿಯುವುದು ಅಂದರೆ ಏನು ಅಂತ ಆಗ ತಿಳಿಯಿತು. ಅದಕ್ಕೂ ಮುಂಚೆ ಎಲ್ಲ ಎದೆಯ ಮೇಲ್ಭಾಗದಲ್ಲೇ. ಈಗ ಸುಲಿಯುತ್ತಾ ಕೂತಾಗ ಭುಜ ಮೇಲೆ ಹೋದದ್ದು ನನಗೇ ಗೊತ್ತಾಗುತ್ತದೆ, ಇಳಿಸುತ್ತೇನೆ. ಮತ್ತೆ ಹೋಗುತ್ತದೆ, ಮತ್ತೆ ಇಳಿಸುತ್ತೇನೆ. ನಡುವೆ ಎದ್ದು ಕಂಬಕ್ಕೆ ಎರಡೂ ಕೈ ಕೊಟ್ಟು ಎದೆ ಹಿಗ್ಗಿಸಿ ಬರುತ್ತೇನೆ. ರಾತ್ರಿ ಕುತ್ತಿಗೆ ನೋವಿಗೆ ಎಣ್ಣೆ ಹಚ್ಚುವುದು ಕಡಿಮೆಯಾಗಿದೆ.

ವಿನೋಬನಗರದ ಅಣ್ಣನಿಗೆ ಒಂದು ಮಾತು. ನಮ್ಮ ತರಗತಿಯಲ್ಲಿ ಕುಕ್ಕರಗಾಲಲ್ಲಿ ಕೂರಿ ಅಂದರೆ ಹಳ್ಳಿ ಹೆಂಗಸರೆಲ್ಲ ಸಲೀಸಾಗಿ ಕೂರುತ್ತೇವೆ, ಪೇಟೆ ಕಡೆಯಿಂದ ಬಂದವರಿಗೆ ಹಿಮ್ಮಡಿ ನೆಲ ಮುಟ್ಟುವುದಿಲ್ಲ. ಅದೇ ಕೈ ಮೇಲೆತ್ತಿ ಹಿಂದೆ ಬಾಗಿ ಅಂದರೆ ನಾವು ಒದ್ದಾಡುತ್ತೇವೆ. ಯಾರ ಮೈ ಯಾವ ಕೆಲಸಕ್ಕೆ ಒಗ್ಗಿದೆಯೋ ಅದು ಹಾಗೆ ಇರುತ್ತದೆ. ಪಕ್ಕದವರನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ.

ನಿವೃತ್ತ ಪಿಟಿ ಮೇಷ್ಟ್ರು:

ಚರ್ಚೆ ಓದಿ ಖುಷಿಯಾಯ್ತು. ಅಡಿಕೆಮನೆ ತಂಗಿ ಹೇಳಿದ್ದು ನೂರಕ್ಕೆ ನೂರು ಸರಿ.

ಮೈ ಬಗ್ಗದವರಿಗೆ ಯೋಗ ಅಲ್ಲ ಅಂದುಕೊಳ್ಳುವವರು ಬಿ.ಕೆ.ಎಸ್. ಅಯ್ಯಂಗಾರ್ ಅವರ ಕಥೆ ತಿಳಿದುಕೊಳ್ಳಬೇಕು. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಎಲ್ಲ ಬಂದು ಬಡಕಲಾಗಿದ್ದರು. ಹದಿಹರೆಯದಲ್ಲಿ ಮೈಸೂರಿಗೆ, ಭಾವ ಕೃಷ್ಣಮಾಚಾರ್ಯರ ಮನೆಗೆ ಹೋದಾಗ ಯೋಗ ಶುರುವಾದದ್ದು. ಆ ಕೃಷ್ಣಮಾಚಾರ್ಯರು 1888ರಲ್ಲಿ ಹುಟ್ಟಿದ್ದು ಚಿತ್ರದುರ್ಗ ಜಿಲ್ಲೆಯಲ್ಲಿ. ಮೈಸೂರಿನ ಮಹಾರಾಜರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ ಈ ಕೃಷ್ಣಮಾಚಾರ್ಯರಿಗೆ ಆಶ್ರಯ ಕೊಟ್ಟು ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಲು ಅನುಕೂಲ ಮಾಡಿದರು. ಅಷ್ಟಾಂಗ ಯೋಗವನ್ನು ಪ್ರಪಂಚಕ್ಕೆ ಹಬ್ಬಿಸಿದ ಪಟ್ಟಾಭಿ ಜೋಯಿಸರೂ ಅವರ ಶಿಷ್ಯರೇ, ಹಾಸನದ ಹತ್ತಿರದ ಕೌಶಿಕದವರು. ಇವತ್ತು ಪರದೇಶಗಳಲ್ಲಿ ನಡೆಯುವ ಎಷ್ಟೋ ತರಗತಿಗಳ ಬೇರು ನಮ್ಮ ಈ ಸೀಮೆಯಲ್ಲೇ ಇದೆ.

ಅಯ್ಯಂಗಾರರು ಮಾಡಿದ ದೊಡ್ಡ ಕೆಲಸ ಅಂದರೆ ಬೆಲ್ಟು, ಮರದ ಇಟ್ಟಿಗೆ, ಕುರ್ಚಿ, ಗೋಡೆಯ ಹಗ್ಗ ಇವನ್ನೆಲ್ಲ ಆಸನಕ್ಕೆ ತಂದದ್ದು. ಬಗ್ಗಲಾರದವನೂ, ವಯಸ್ಸಾದವನೂ ಆಸನದ ಒಳಗೆ ಇರಬಹುದು ಎಂದು ತೋರಿಸಿಕೊಟ್ಟರು. ನೀವು ಕೂತು ಕಾಲು ಚಾಚಿ, ಪಾದದ ಸುತ್ತ ಒಂದು ಟವೆಲ್ ಹಾಕಿ ಎರಡೂ ತುದಿ ಹಿಡಿಯಿರಿ, ಬೆನ್ನು ನೇರ ಇಟ್ಟು ಅಲ್ಲೇ ಇರಿ. ಬೆರಳು ಮುಟ್ಟುವ ಗಡಿಬಿಡಿ ಬೇಡ.

ನಮ್ಮ ಕಡೆಯವರು ಮಲ್ಲಾಡಿಹಳ್ಳಿ ರಾಘವೇಂದ್ರ ಸ್ವಾಮೀಜಿಯವರನ್ನು ಮರೆಯಬಾರದು. ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯಲ್ಲಿ ಕೂತು ಯೋಗ, ವ್ಯಾಯಾಮ, ಆಯುರ್ವೇದ ಮೂರನ್ನೂ ಸಾಮಾನ್ಯ ಜನರಿಗೆ ಮುಟ್ಟಿಸಿದರು. ಜೂನ್ 21ರ ಯೋಗ ದಿನ ಶುರುವಾಗಿದ್ದು 2015ರಲ್ಲಿ. ಆ ಹೊತ್ತಿಗೆ ಮಲೆನಾಡಿನಲ್ಲಿ ಮಳೆ ಹಿಡಿದಿರುತ್ತದೆ, ಮೈದಾನ ಬಿಟ್ಟು ಸಭಾಂಗಣ ಹುಡುಕಬೇಕಾಗುತ್ತದೆ. ಆ ದಿನ ಬಂದವರಲ್ಲಿ ಮಾರನೇ ದಿನವೂ ಬರುವವರು ಕಡಿಮೆ. ನೀವು ಬರುತ್ತಿದ್ದೀರಿ, ಅದು ದೊಡ್ಡದು.

ಫಿಸಿಯೋ ಕೆಲಸ, ತೀರ್ಥಹಳ್ಳಿ:

ಕಾಲ್ಬೆರಳಿನ ಪ್ರಶ್ನೆಗೆ ನಾನು ಉತ್ತರ ಹೇಳುತ್ತೇನೆ, ಯಾಕೆಂದರೆ ಜೋರು ಮಾಡಿ ಬಗ್ಗಿ ನೋವು ಮಾಡಿಕೊಂಡವರು ನನ್ನ ಹತ್ತಿರ ಬರುತ್ತಾರೆ.

ತೊಡೆಯ ಹಿಂಭಾಗದ ಸ್ನಾಯುವಿನೊಳಗೆ ಎಳೆತವನ್ನು ಅಳೆಯುವ ಸಣ್ಣ ಅಂಗಗಳಿವೆ. ಜರ್ಕ್ ಕೊಟ್ಟು ಎಳೆದರೆ ಅವು ಅಪಾಯ ಅಂತ ತಿಳಿದು ಸ್ನಾಯುವನ್ನು ಇನ್ನಷ್ಟು ಬಿಗಿ ಮಾಡುತ್ತವೆ. ನಿಧಾನಕ್ಕೆ ಹೋಗಿ, ಉಸಿರು ಬಿಡುತ್ತಾ ಸ್ವಲ್ಪ ಹೊತ್ತು ನಿಂತರೆ ಸಡಿಲ ಬಿಡುತ್ತವೆ. ಹೊಸದರಲ್ಲಿ ಮೈ ಬಗ್ಗುವುದು ಜಾಸ್ತಿ ಆಯ್ತು ಅಂದರೆ ಸ್ನಾಯು ಉದ್ದವಾಯ್ತು ಅಂತ ಅಲ್ಲ. ಅಷ್ಟು ಎಳೆತವನ್ನು ತಡೆದುಕೊಳ್ಳಲು ನರಮಂಡಲ ಒಪ್ಪಿಕೊಳ್ಳುತ್ತಿದೆ ಅಂತ. ಅದನ್ನು ಒಪ್ಪಿಸಬೇಕು, ಹೆದರಿಸಬಾರದು.

ಬಗ್ಗುವಾಗ ಮಂಡಿ ಸ್ವಲ್ಪ ಮಡಚಿ, ಸೊಂಟದ ಕೀಲಿನಿಂದ ಬಗ್ಗಿ. ಬೆನ್ನನ್ನು ಗೂನು ಮಾಡಿಕೊಂಡು ಕೈ ಕೆಳಗೆ ಎಳೆದರೆ ಭಾರವೆಲ್ಲ ಕೆಳಬೆನ್ನಿನ ಡಿಸ್ಕ್ ಮೇಲೆ ಬೀಳುತ್ತದೆ. ನಿಮಗೆ ಮೊದಲೇ ಸೊಂಟ ನೋವು ಇದೆ ಅಂದಿರಿ. ಪೃಷ್ಠದಿಂದ ಕಾಲಿನ ಕೆಳಗಿನವರೆಗೆ ಜೋಮು, ಸೆಳೆತ ಬಂದರೆ ಮುಂದೆ ಬಗ್ಗುವುದನ್ನು ಅಲ್ಲಿಗೇ ಬಿಟ್ಟು ಡಾಕ್ಟರಿಗೆ ತೋರಿಸಿ. ಹಾಗೆ ನೋಡಿದರೆ ಕೆಲವರ ಕೈ ಗಿಡ್ಡ, ಕಾಲು ಉದ್ದ. ಅವರು ಎಷ್ಟೇ ಅಭ್ಯಾಸ ಮಾಡಿದರೂ ಬೆರಳು ನೆಲಕ್ಕೆ ತಾಗಲಿಕ್ಕಿಲ್ಲ. ಅದರಿಂದ ಆರೋಗ್ಯಕ್ಕೆ ಏನೂ ಕೊರತೆ ಇಲ್ಲ.

ಭದ್ರಾವತಿ ತಮ್ಮನಿಗೆ: ಸೂರ್ಯ ನಮಸ್ಕಾರ ಒಳ್ಳೆಯ ವ್ಯಾಯಾಮ, ಬಿಡಬೇಡ. ಆದರೆ ಸುತ್ತು ಏರಿಸುವ ಮುಂಚೆ ಒಂದು ಸಲ ಯಾರಿಗಾದರೂ ತೋರಿಸಿ ನಿನ್ನ ಸೊಂಟ, ಭುಜ ಎಲ್ಲಿರುತ್ತವೆ ಅಂತ ನೋಡಿಸಿಕೊ. ಆ್ಯಪ್ ನಿನಗೆ ತೋರಿಸುತ್ತದೆ, ನಿನ್ನನ್ನು ನೋಡುವುದಿಲ್ಲ. ತೂಕದ ವಿಷಯ ನೇರವಾಗಿ ಹೇಳುವುದಾದರೆ, ನಿಧಾನದ ಆಸನಗಳಿಗೆ ಖರ್ಚಾಗುವ ಶಕ್ತಿ ನಿಧಾನದ ನಡಿಗೆಗೆ ಆಗುವಷ್ಟೇ. ಬರೀ ತೂಕ ಇಳಿಸಬೇಕು ಅನ್ನುವವರು ಬಿರುಸಿನ ನಡಿಗೆ ಮತ್ತು ಊಟದ ಕಡೆ ಗಮನ ಕೊಡಲಿ. ಯೋಗದ ಮೇಲೆ ಆ ಭಾರ ಹಾಕುವುದು ಬೇಡ.

ಭದ್ರಾವತಿ ಹುಡುಗ:

ಸರಿ ಸರ್. ಇಲ್ಲಿ ಹತ್ತಿರದಲ್ಲಿ ಯಾರು ಹೇಳಿಕೊಡುತ್ತಾರೆ ಅಂತ ವಿಚಾರಿಸುತ್ತೇನೆ.

ವಿನೋಬನಗರದವನು:

ಇಷ್ಟೊಂದು ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಸಾಗರದ ಮೇಡಂ, ನೀವು ಕೇಳಿದ್ದು ಸರಿಯಾಗಿದೆ. ಕಾಲೇಜಿನಲ್ಲಿ ಕಬಡ್ಡಿ ಆಡುವಾಗ ಬಲಗಾಲಿನ ಗಂಟು ಚೆನ್ನಾಗಿ ಉಳುಕಿತ್ತು, ಪಟ್ಟು ಹಾಕಿಸಿದ್ದರು. ನನಗೆ ಅದು ಮರೆತೇ ಹೋಗಿತ್ತು. ಕಾಲಿಗೆ ಮರೆತಿಲ್ಲ ಅಂತ ಕಾಣುತ್ತದೆ.

ನಾಡಿ ಹಿಡಿದು ನೋಡಿದೆ. ನಿಜವಾಗಿಯೂ ಬೆರಳಿಗೆ ತಿಳಿಯುತ್ತದೆ! ಮಗಳಿಗೂ ತೋರಿಸಿದೆ, ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಾಯ್ತು. ಆಫೀಸಿನಲ್ಲಿ ಫೋನ್ ಬಂದಾಗ ನನ್ನ ಭುಜ ಏರುವುದೂ ಈಗ ಕಾಣುತ್ತಿದೆ. ಮುಂಚೆ ಸಂಜೆ ತಲೆನೋವು ಬಂದ ಮೇಲೆ ಮಾತ್ರೆ ಹುಡುಕುತ್ತಿದ್ದೆ, ಈಗ ಅದು ಎಲ್ಲಿಂದ ಶುರುವಾಗುತ್ತದೆ ಅಂತ ಅರ್ಥವಾಗುತ್ತಿದೆ. ಇದನ್ನು ಮನೆಯವರಿಗೆ ಗುಣ ಅಂತ ಹೇಗೆ ತೋರಿಸುವುದೋ ತಿಳಿಯದು, ನನಗಂತೂ ಬೆಳಿಗ್ಗೆ ಏಳುವುದಕ್ಕೆ ಇಷ್ಟು ಸಾಕು.

ಇನ್ನೊಂದು ಕೇಳುವುದಿತ್ತು. ನನ್ನನ್ನು ನೋಡಿ ಅಮ್ಮ ತಾನೂ ಬರುತ್ತೇನೆ ಅನ್ನುತ್ತಿದ್ದಾರೆ. ಅರವತ್ತು ದಾಟಿದೆ, ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಮಂಡಿ ನೋವು ಇದೆ. ಕರೆದುಕೊಂಡು ಹೋಗಬಹುದಾ?

ಸಾಗರದ ಯೋಗ ಟೀಚರ್:

ಖಂಡಿತ ಕರೆದುಕೊಂಡು ಹೋಗಿ. ಮೊದಲು ಅವರ ಡಾಕ್ಟರನ್ನು ಒಂದು ಮಾತು ಕೇಳಿ, ಆಮೇಲೆ ಮೇಷ್ಟ್ರಿಗೆ ಬಿಪಿ ಮತ್ತು ಮಂಡಿ ಎರಡನ್ನೂ ಮೊದಲ ದಿನವೇ ಹೇಳಿ. ಎಷ್ಟೋ ಜನ ಹೇಳುವುದೇ ಇಲ್ಲ, ಸಂಕೋಚ.

ಅಮ್ಮನಿಗೆ ಮಂಡಿ ಮಡಚಿ ಹಿಮ್ಮಡಿ ಮೇಲೆ ಕೂರುವ ವಜ್ರಾಸನ ಬೇಡ. ಪಕ್ಕದವರೆಲ್ಲ ಕೂತರು ಅಂತ ಕೂರುವುದೂ ಬೇಡ. ಕೈ ಇಲ್ಲದ ಗಟ್ಟಿ ಕುರ್ಚಿ ಒಂದು ಇರಲಿ, ಪ್ಲಾಸ್ಟಿಕ್ ಕುರ್ಚಿ ನುಣುಪು ನೆಲದಲ್ಲಿ ಜಾರುತ್ತದೆ, ಗೋಡೆಗೆ ಒತ್ತಿಸಿ ಇಡಿ. ಕೂತಲ್ಲೇ ಒಂದು ಕಾಲನ್ನು ನೇರಕ್ಕೆ ಚಾಚಿ, ತೊಡೆ ಬಿಗಿ ಮಾಡಿ, ಸ್ವಲ್ಪ ಹೊತ್ತು ಹಿಡಿದು ಇಳಿಸಲಿ. ಆಮೇಲೆ ಇನ್ನೊಂದು ಕಾಲು. ತೊಡೆಗೆ ಬಲ ಬಂದರೆ ಮಂಡಿ ಮೇಲಿನ ಭಾರ ಕಡಿಮೆಯಾಗುತ್ತದೆ. ಹಿಡಿಯುವಾಗ ಉಸಿರು ಕಟ್ಟಬಾರದು ಅಂತ ಜೋರಾಗಿ ಎಣಿಸಲು ಹೇಳಿ, ಎಣಿಸುತ್ತಿದ್ದರೆ ಉಸಿರು ಕಟ್ಟುವುದಕ್ಕೆ ಆಗುವುದಿಲ್ಲ.

ಕಪಾಲಭಾತಿ, ಜೋರಾಗಿ ಉಸಿರು ಎಳೆದು ಬಿಡುವ ಭಸ್ತ್ರಿಕಾ, ಉಸಿರು ಹಿಡಿದಿಡುವ ಕುಂಭಕ, ತಲೆ ಕೆಳಗೆ ಮಾಡುವ ಆಸನ ಇವು ಯಾವುದೂ ಬೇಡ. ಗ್ಲಾಕೋಮಾ ಇದ್ದರಂತೂ ತಲೆ ಕೆಳಗೆ ಮಾಡಲೇಬಾರದು, ಕಣ್ಣಿನ ಒತ್ತಡ ಏರುತ್ತದೆ. ನಿಧಾನದ ಉಸಿರು, ದುಂಬಿಯ ಹಾಗೆ ಗುಂಯ್‌ಗುಡುತ್ತಾ ಉಸಿರು ಬಿಡುವ ಭ್ರಾಮರಿ ಸಾಕು. ಬಿಪಿ ಕಡಿಮೆ ಬಂತು ಅಂತ ಖುಷಿಯಲ್ಲಿ ಮಾತ್ರೆ ಬಿಡುವುದು ನಮ್ಮ ಕಡೆ ತುಂಬಾ ಆಗುತ್ತದೆ. ಅದನ್ನು ಡಾಕ್ಟರೇ ಹೇಳಬೇಕು.

ಶವಾಸನ ಮುಗಿದ ಮೇಲೆ ತಟ್ಟನೆ ಎದ್ದು ನಿಲ್ಲಲು ಬಿಡಬೇಡಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಕಣ್ಣು ಕತ್ತಲೆ ಬರಬಹುದು. ಬಲಕ್ಕೆ ಹೊರಳಿ, ಕೈ ಊರಿ ಕೂತು, ಎರಡು ಉಸಿರು ಆದ ಮೇಲೆ ಏಳಲಿ. ಮಳೆಗಾಲ ಮುಗಿಯುವವರೆಗೆ ಚಾಪೆ ಕೆಳಗೆ ಒಂದು ಕಂಬಳಿ ಹಾಸಿ, ನೆಲದ ಥಂಡಿಗೆ ಸೊಂಟ ಇನ್ನಷ್ಟು ಬಿಗಿಯುತ್ತದೆ. ಭವನದ ಮೆಟ್ಟಿಲು ಪಾಚಿ ಕಟ್ಟಿದ್ದರೆ ಕೈ ಹಿಡಿದೇ ಹತ್ತಿಸಿ.